ಬೇಯದ ಅಂಟು

ವವಾವು ದ್ವೀಪ,
ಅಕ್ಟೋಬರ್ ೧೨

ಪ್ರೀತಿಯ ತೆಮಲೇತಿ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಆಕ್ಲೆಂಡಿನ ಚಳಿಗೆ ಹೆಚ್ಚಾಗಿರಬೇಕು. ಕೊಬ್ಬರಿ ಎಣ್ಣೆ ಬಿಸಿಮಾಡಿ ತಿಕ್ಕಿಕೋ, ವಾಸನೆ ಬಂದರೆ ಬರಲಿ. ದೇವರ ದಯೆಯಿಂದ ನಾವೆಲ್ಲ ಚೆನ್ನಾಗಿದ್ದೇವೆ. ಪಾದ್ರಿಗಳು ಹಲ್ಲು ಕೀಳಿಸಿಕೊಂಡರು. ಎರಡು ಭಾನುವಾರ ಪ್ರಸಂಗ ಚಿಕ್ಕದಾಗಿತ್ತು. ಹೇಳಬಾರದು, ಆದರೂ ಹಾಯೆನಿಸಿತು.

ನಿನ್ನ ಮಗಳ ಮದುವೆಗೆ ನಾವು ತೊಗಟೆ ಬಡಿದು ಮಾಡುತ್ತಿರುವ ನಾರುಬಟ್ಟೆಯನ್ನು ಲವೀನಿಯಾ ಕೈಯಲ್ಲಿ ಮುಟ್ಟಿಸಬೇಡ ಎಂದು ಹೇಳಿಕಳಿಸಿದ್ದೀಯ. ಅಕ್ಕಾ, ಮುಟ್ಟಿಯಾಯಿತು. ಸೋಮವಾರದಿಂದ ನನ್ನೆದುರೇ ಕೂತಿದ್ದಾಳೆ. ಬಟ್ಟೆ ಹಾಸುವ ಹಲಗೆಯ ಈಚೆ ಆರು ಜನ, ಆಚೆ ಆರು ಜನ ಇರಲೇಬೇಕಲ್ಲ. ಎದುರಿನವಳು ಅಂಚು ಹಿಡಿದು ಎಳೆಯದಿದ್ದರೆ ಬಟ್ಟೆ ಸುಕ್ಕಾಗುತ್ತದೆ. ಯಾವಾಗಲೂ ನನ್ನೆದುರು ಕೂರುವ ಮುದುಕಿ ಸೊಂಟ ಹಿಡಿದು ಮಲಗಿದ್ದಾಳೆ. ಗುಂಪಿನ ಯಜಮಾನಿ ನನ್ನನ್ನು ಕೇಳದೆಯೇ ಇವಳನ್ನು ಕರೆತಂದಳು.

ಆರು ವರ್ಷದ ಹಿಂದೆ ನಾನು ಬರೆದದ್ದು ನಿನಗೆ ನೆನಪಿದೆ. ಚರ್ಚಿನ ವಾರ್ಷಿಕ ಸಭೆಗೆ ನಾವು ಕೊಟ್ಟ ಬಟ್ಟೆಯನ್ನು ಎಲ್ಲರೆದುರು ಬಿಡಿಸಿದಾಗ ಹಾಳೆಗಳು ಒಂದರಿಂದೊಂದು ಕಿತ್ತುಬಂದವು. ಕೂವೆಹಿಟ್ಟಿನ ಅಂಟು ಬೇಯದಿದ್ದರೆ ಹಾಗಾಗುತ್ತದೆ. ಅಂಟು ಬೇಯಿಸುವಾಗ ಒಲೆಯ ಹತ್ತಿರ ಇದ್ದವರು ನಾನು, ಲವೀನಿಯಾ ಇಬ್ಬರೇ. ನಾನು ಅಲ್ಲೇ ಎದ್ದು ನಿಂತು, "ಇವ್ಳದ್ದೇ ಕೆಲ್ಸ! ಬಾಯಿಗಿರೋ ಚುರುಕು ಕೈಗಿಲ್ಲ" ಎಂದು ಕೂಗಿದೆ. ಅವಳು ತುಟಿ ಬಿಚ್ಚಲಿಲ್ಲ. ಮರುವಾರ ತನ್ನ ಕೊಡತಿ ಎತ್ತಿಕೊಂಡು ಪಕ್ಕದ ಹಳ್ಳಿಯ ಗುಂಪಿಗೆ ಹೋದಳು.

ಈಗ ಬಂದವಳು ಕೂರುತ್ತಲೇ, "ಇವತ್ತು ಅಂಟು ಯಾರಮ್ಮಾ ಬೇಯ್ಸಿದ್ದು? ಮೊದ್ಲೇ ಹೇಳ್ಬಿಡಿ" ಎಂದಳು. ಎಲ್ಲರೂ ನಕ್ಕರು. ನಾನು ತಲೆ ಎತ್ತಲಿಲ್ಲ. ಎರಡು ದಿನ ಮಾತಿಲ್ಲದೆ ಎಳೆದೆವು, ಬಣ್ಣ ಉಜ್ಜಿದೆವು. ಒಂದು ಮಾತು ನಿಜ ಹೇಳಬೇಕು, ಅವಳ ಕೈಯಲ್ಲಿ ಅಂಚು ಕೂದಲೆಳೆಯಷ್ಟೂ ಜಾರುವುದಿಲ್ಲ.

ಬುಧವಾರ ಕೆಲಸಕ್ಕೆ ಮುಂಚಿನ ಪ್ರಾರ್ಥನೆ ನನ್ನ ಪಾಳಿ. "ನಮ್ಮ ತಪ್ಪುಗಳನ್ನು ಕ್ಷಮಿಸು" ಎನ್ನುವಲ್ಲಿಗೆ ಬಂದವಳು ಕಣ್ಣು ತೆರೆದು ಲವೀನಿಯಾಳನ್ನು ನೋಡಿದೆ. ಆಮೆನ್ ಅನ್ನುವ ಮೊದಲೇ ಹೇಳಿಬಿಟ್ಟೆ. ಅಂಟು ಬೇಯಿಸಿದ ಆ ಶನಿವಾರ ನನಗೆ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊತ್ತಾಗಿತ್ತು. ಮರುದಿನ ಭಾನುವಾರ, ಕೆಲಸ ಮುಟ್ಟುವ ಹಾಗಿಲ್ಲ. ಅಂಟಿನ ಬಿಳುಪು ಹೋಗಿ ತಿಳಿಯಾಗುವ ಮೊದಲೇ ಪಾತ್ರೆ ಇಳಿಸಿದವಳು ನಾನು. ಅದು ಆಗಲೇ ಗೊತ್ತಿದ್ದೂ ಅವಳ ಮೇಲೆ ಹಾಕಿದೆ.

ಲವೀನಿಯಾ, "ಗೊತ್ತಿತ್ತು ಕಣೇ. ಪಾತ್ರೆ ಇಳ್ಸೋಕೆ ಹಿಡಿಬಟ್ಟೆ ಕೊಟ್ಟೋಳೇ ನಾನು" ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. "ದೇವ್ರ ಮನೇಲಿ ನಿಂತ್ಕೊಂಡು ಕಿರುಚೋದು ನಿಂಗೆ ಬರತ್ತೆ, ನಂಗೆ ಬರಲ್ಲ. ಅಂಚು ಎಳಿ, ಒಣಗ್ತಾ ಇದೆ."

ಎಳೆದೆ. ಮಧ್ಯಾಹ್ನ ನಾನು ಊಟಕ್ಕೆ ತಂದಿದ್ದ ಕೆಸುವಿನೆಲೆಯ ಪೊಟ್ಟಣದಲ್ಲಿ ಅರ್ಧ ತಿಂದು, ಉಪ್ಪು ಕಮ್ಮಿ ಅಂದಳು.

ಬಟ್ಟೆ ಮುಂದಿನ ವಾರ ಮುಗಿಯುತ್ತದೆ, ಗಟ್ಟಿಯಾಗಿದೆ. ಭಾವನಿಗೆ ನಮಸ್ಕಾರ ತಿಳಿಸು. ಮದುಮಗಳಿಗೆ ದೇವರು ಒಳ್ಳೆಯ ಬಾಳು ಕೊಡಲಿ.

ನಿನ್ನ ತಂಗಿ,
ಕಲೊಲೈನೆ

ಅವಸರದಲ್ಲಿ ಇನ್ನೊಂದು: ಆಗ ನಾನು ನಿನಗೆ ಬರೆದ ಸುಳ್ಳನ್ನು ನೀನು ಅಲ್ಲಿಯ ಚರ್ಚಿನಲ್ಲಿ ಹೇಳಿದ್ದೆಯಲ್ಲ? ಲವೀನಿಯಾಳ ಮಗಳು ಸಿಯಾಲೆಯೂ ಅಲ್ಲಿಗೇ ಬರುತ್ತಾಳೆ. ಆ ಮಾತಿನಿಂದಾಗಿ ಇವತ್ತಿಗೂ ಅವಳನ್ನು ಅಲ್ಲಿಯ ಬಟ್ಟೆಯ ಗುಂಪಿಗೆ ಯಾರೂ ಕರೆದಿಲ್ಲವಂತೆ. ಇದು ಸಿಕ್ಕ ಮೊದಲ ಭಾನುವಾರವೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಗದವನ್ನು ಹೆಂಗಸರೆಲ್ಲರ ಮುಂದೆ ಓದು. ಮಂಡಿನೋವಿನ ಸಾಲು ಬಿಟ್ಟರೂ ಪರವಾಗಿಲ್ಲ, ಒಲೆಯ ಸಾಲು ಬಿಡಬೇಡ.