ಬರ್ಲ್‌ಗೆಂದು ಮಾಡಿದ ಬ್ಯಾಂಜೋ

ನವೆಂಬರ್ ೯, ೧೯೫೮. ಭಾನುವಾರ.

ಊಟ ಸೇರಲಿಲ್ಲ. ಮೆಕ್ಕೆಜೋಳದ ರೊಟ್ಟಿ ತಟ್ಟೆಯಲ್ಲೇ ಇದೆ.

ಅಪ್ಪ ತೀರಿಕೊಂಡಾಗ ಅವರ ಬ್ಯಾಂಜೋ ಹಿರಿಯನಾದ ನನಗೇ ಸೇರಬೇಕು ಅಂತ ಕಿತ್ತುಕೊಂಡು ಬಂದ ದಿನದಿಂದ ತಮ್ಮ ಬರ್ಲ್ ಜೊತೆ ಮಾತಿಲ್ಲ. ಆರು ವರ್ಷವಾಯಿತು. ಅವನ ಸುದ್ದಿ ನನ್ನ ಕಿವಿಗೆ ಹಾಕಬೇಡಿ ಅಂತ ಎಲ್ಲರಿಗೂ ಹೇಳಿಟ್ಟವನು ನಾನೇ. ಈ ಬೇಸಿಗೆಯಲ್ಲಿ ಹಟ ಸಾಕೆನಿಸಿ, ಅವನಿಗಾಗಿ ಒಂದು ಬ್ಯಾಂಜೋ ಮಾಡಲು ಕೂತೆ. ಅಕ್ರೋಟು ಮರದ ದಂಡಿಯನ್ನು ಅವನ ಸಣ್ಣ ಕೈಗೆ ಹೊಂದುವಂತೆ ಕೆತ್ತಿದೆ. ಬಿಲದಲ್ಲಿರುವ ಗ್ರೌಂಡ್‌ಹಾಗ್ ಪ್ರಾಣಿಯ ಚರ್ಮ ಹದಮಾಡಿ ವಾದ್ಯದ ಮುಖಕ್ಕೆ ಬಿಗಿದೆ. ಐದು ಬಿರಡೆಗಳನ್ನೂ ಚಾಕುವಿನಲ್ಲೇ ಕೆತ್ತಿದೆ.

ಇವತ್ತು ಚರ್ಚ್ ಮುಗಿಸಿ ಗುಡ್ಡ ದಾಟಿ ಹೋದೆ. ಬಾಗಿಲು ತೆಗೆದ ಅವನ ಹೆಂಡತಿ ಓನಾ ಬ್ಯಾಂಜೋ ನೋಡಿ ಬಾಯಿಗೆ ಕೈ ಅಡ್ಡ ಇಟ್ಟಳು.

"ಭಾವ, ನಿಮಗೆ ಯಾರೂ ಹೇಳ್ಲಿಲ್ವಾ?"

ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಬರ್ಲ್‌ನ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳು ಹೋಗಿ ಎರಡು ವರ್ಷವಾಗಿದೆಯಂತೆ.

ಒಳಗೆ ಕೂತಿದ್ದ ಬರ್ಲ್ ಬ್ಯಾಂಜೋವನ್ನು ತೊಡೆಯ ಮೇಲಿಟ್ಟುಕೊಂಡು ದಂಡಿ ಸವರಿದ. "ಅಪ್ಪನದಕ್ಕಿಂತ ಚೆನ್ನಾಗಿದೆ ಕಣಣ್ಣ. ನೀನು ತಂತಿ ಒತ್ತು, ನಾನು ಮೀಟ್ತೀನಿ."

ಒತ್ತಿದೆ. ಹಳೇ ಹಾಡಿನ ಎರಡನೇ ಸಾಲಿಗೇ ತಪ್ಪಿದೆ.

"ಚಿಕ್ಕಂದಿನಿಂದ್ಲೂ ಅಲ್ಲೇ ಮುಗ್ಗರಿಸ್ತೀಯಲ್ಲೋ!" ಅಂತ ನಕ್ಕ. ನಾನೂ ನಕ್ಕೆ. ಆಮೇಲೆ ಮೆಲ್ಲಗೆ, "ಆಸ್ಪತ್ರೇಲಿ ಹದಿನೆಂಟು ದಿನ ಇದ್ದೆ. ಬಾಗಿಲು ಸದ್ದಾದಾಗಲೆಲ್ಲ ನೀನೇ ಬಂದೆ ಅಂದ್ಕೋತಿದ್ದೆ" ಅಂದ.

ಗೊತ್ತಿರಲಿಲ್ಲ ಅನ್ನಬಹುದಿತ್ತು. ಗೊತ್ತಾಗದಂತೆ ಮಾಡಿಕೊಂಡವನೇ ನಾನು. ಅವನ ಆ ಕೈ ಹಿಡಿದುಕೊಂಡು ಕೂತೆ. ಅವನೂ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.