ಬಿಲ್ಲೆ ನೋಡದೆ ಅಳಬಾರದು

ಬಂಗಾರಪೇಟೆ
9 ಜುಲೈ 2025

ನಂದಿದುರ್ಗ ಲೈನುಮನೆಯ ಹಟಮಾರಿ ಪಾಪಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ಮಗಳು ಆದಿಲಕ್ಷ್ಮಿಯ ನಮಸ್ಕಾರ.

ಫೋನ್ ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಬಂದ ಮಾತಿಗೆ ನಿನ್ನ ಹತ್ತಿರ ಬೆಲೆಯಿಲ್ಲ, ಕೆಳಗೆ ಹೆಸರಿರುವ ಕಾಗದಕ್ಕೆ ಇದೆ. ಎಂದಿನಂತೆ ಪಕ್ಕದ ಮನೆ ಪುಷ್ಪಕ್ಕನ ಕೈಲಿ ಓದಿಸಿಕೋ.

ಅಮ್ಮ, ನೀನೇ ಗೆದ್ದೆ. ಗಣಿ ಕಂಪನಿ ಕಟ್ಟಿಸಿದ ನಮ್ಮ ಲೈನಿನ ಮನೆಗಳನ್ನು ಖಾಲಿ ಮಾಡಿಸುವ ಕೇಸಿನ ಬಗ್ಗೆ ಆ ವಿಡಿಯೋ ಬಂದಾಗ ನಾನು ಪೂರ್ತಿ ನಂಬಿದೆ. ತಡೆಯಾಜ್ಞೆ ತೆರವಾಗಿದೆ, ಒಪ್ಪಿಗೆ ಪತ್ರ ಕೊಟ್ಟು ಮನೆ ಬಿಟ್ಟರೆ ಪರಿಹಾರವಾದರೂ ಸಿಗುತ್ತದೆ ಎಂದು ಕರಿ ಕೋಟಿನವನೊಬ್ಬ ಹೇಳಿದ. ಕೆಳಗೆ ನಾನೂರು ಕಾಮೆಂಟು, ಎಲ್ಲರದೂ ಅದೇ ರಾಗ. ಇಷ್ಟು ಜನ ಸುಳ್ಳು ಹೇಳುತ್ತಾರಾ, ಹೆಬ್ಬೆಟ್ಟು ಒತ್ತಿ ನನ್ನ ಮನೆಗೆ ಬಂದುಬಿಡು ಎಂದು ಮೂರು ದಿನ ಗಂಟಲು ಹರಿದುಕೊಂಡೆ. ನೀನು ಹೇಳಿದ್ದು ಇಷ್ಟೇ: "ಅವ್ರಲ್ಲಿ ಕೋರ್ಟ್‌ಗೆ ಓಗಿದ್ದೋರು ಯಾರೇ? ಒಬ್ನು ಏಳಿದ್ದನ್ನೇ ನಾನೂರು ಜನ ಏಳುದ್ರೂ ಅದು ಒಂದೇ ಮಾತು ಕಣೇ."

ಗಣಿಗೆ ಇಳಿಯುವ ಮುಂಚೆ ಅಪ್ಪ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಿ, ಮೇಲೆ ಬಂದಮೇಲೆ ಹಲಗೆಯ ಮೊಳೆಗೆ ಹಾಕುತ್ತಿದ್ದರಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಳಗೆ ಬಂಡೆ ಕುಸಿದು, ನಿನ್ನ ಗಂಡ ಸುಬ್ಬರಾಯಪ್ಪ ಹೋಗಿಬಿಟ್ಟ ಎಂದು ಇಡೀ ಲೈನು ನಮ್ಮ ಬಾಗಿಲಲ್ಲಿ ಗೋಳಾಡಿತು. ನೀನೊಬ್ಬಳೇ ಅಳಲಿಲ್ಲ. ನನ್ನ ಕೈ ಹಿಡಿದು ಬರಿಗಾಲಲ್ಲಿ ಹಲಗೆಯ ಹತ್ತಿರ ನಡೆದೆ. ಅಕ್ಷರ ಬಾರದಿದ್ದರೂ ಆ ಒಂದು ನಂಬರು ನಿನಗೆ ಗೊತ್ತಿತ್ತು. ಬಿಲ್ಲೆ ಮೊಳೆಯಲ್ಲೇ ಇತ್ತು, ಅಪ್ಪ ಆಚೆ ಟೀ ಕುಡಿಯುತ್ತಿದ್ದರು. "ಬಿಲ್ಲೆ ನೋಡ್ದೆ ಅಳಬಾರ್ದು" ಎಂದು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಈ ಸಲವೂ ನೀನು ಅದನ್ನೇ ಮಾಡಿದೆ. ಎಪ್ಪತ್ತೆರಡರ ಮಂಡಿನೋವಿನಲ್ಲಿ ಬಸ್ಸು ಹತ್ತಿ ಕೋರ್ಟಿಗೆ ಹೋದೆ. ವಕೀಲರ ಗುಮಾಸ್ತ ಅಂಬರೀಶ್ ಆದೇಶದ ನಕಲು ಓದಿ ಹೇಳಿದ್ದು ಸಾಲದೆಂದು, ಅವನು ಹೇಳಿದ್ದನ್ನು ಬಾಯಿಬಿಡದೆ ಅದೇ ಕಾಗದವನ್ನು ಟೈಪಿಂಗ್ ಅಂಗಡಿಯ ಸಹನಳಿಂದಲೂ ಓದಿಸಿದೆ. ಇಬ್ಬರೂ ಹೇಳಿದ್ದು ಒಂದೇ: ತಡೆಯಾಜ್ಞೆ ಹಾಗೇ ಇದೆ, ವಿಚಾರಣೆ ಮಾತ್ರ ಮುಂದಕ್ಕೆ ಹೋಗಿದೆ. ಬಿ.ಎ. ಓದಿದ ನನಗೆ ಇದು ಹೊಳೆಯಲಿಲ್ಲ. ನಿನ್ನ ಮಗಳೆನ್ನಲು ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಇಷ್ಟು ನಾಚಿಕೆಯೂ ಆಗಿರಲಿಲ್ಲ.

ಆದರೆ ಪುಷ್ಪಕ್ಕ ಶನಿವಾರ ಒಪ್ಪಿಗೆ ಪತ್ರ ಕೊಟ್ಟೇ ಕೊಡುತ್ತಾಳೆ ಎಂದೆಯಲ್ಲ, ಅಲ್ಲಿಂದ ನನಗೆ ಅನ್ನ ಇಳಿಯುತ್ತಿಲ್ಲ. ನಿನ್ನ ನಕಲು ಹಳೆಯದು, ತಡೆಯಾಜ್ಞೆ ತೆರವಾದದ್ದನ್ನು ಕೋರ್ಟಿನಲ್ಲಿ ಕಣ್ಣಾರೆ ಕಂಡೆ ಎಂದು ನಮ್ಮ ಲೈನಿನವರೇ ಯಾರೋ ಆ ವಿಡಿಯೋದ ಕೆಳಗೆ ಬರೆದಿದ್ದಾರೆ ಎಂಬುದು ಅವಳ ವಾದ. ಅವಳಿಗೂ ಆ ಮನೆ ಬಿಟ್ಟರೆ ಬೇರೆ ನೆಲೆಯಿಲ್ಲ.

ನಿನಗೆ ಸೋತು ಬೀಗುತ್ತಿರುವ ಮಗಳು,
ಆದಿಲಕ್ಷ್ಮಿ

ತಾ.ಕ.: ಕೋರ್ಟಿಗೆ ಹೋದವರು ಯಾರು ಎಂದು ನೀನು ಕೇಳಿದ ಮೇಲೆ, ನಾನು ಹೋಗಿದ್ದೆ, ಕಣ್ಣಾರೆ ಕಂಡೆ ಎಂದು ಬೇರೆ ಹೆಸರಿನಲ್ಲಿ ಬರೆದವಳು ನಾನೇ, ಅಮ್ಮ. ನೀನು ನನ್ನ ಜೊತೆಗಿರಬೇಕೆಂಬ ಆಸೆ ಅಷ್ಟು ಮಾಡಿಸಿತು. ನಾನು ಕೋರ್ಟಿನ ಮೆಟ್ಟಿಲನ್ನೂ ತುಳಿದಿಲ್ಲ. ಪುಷ್ಪಕ್ಕ, ಇದನ್ನು ಓದುತ್ತಿರುವವಳು ನೀನೇ. ಮೊದಲು ಆ ಒಪ್ಪಿಗೆ ಪತ್ರ ಹರಿದುಹಾಕು, ಆಮೇಲೆ ನನ್ನನ್ನು ಬೈಯಿ.