ಕಡೀಕ ಉಳಿದ ಕುದುರಿ

೧೨ ನವೆಂಬರ್, ಮಂಗಳವಾರ

ಕೈಗಿ ಹತ್ತಿದ ಕಂದು ಬಣ್ಣ ಇನ್ನಾ ಹೋಗಿಲ್ಲ. ಟರ್ಪೆಂಟೈನ್ ಹಚ್ಚಿ ತಿಕ್ಕಿದೆ, ಸಾಬಣ ಹಚ್ಚಿದೆ.

ನಾನು ಯಾವಾಗಲೂ ಬಯಲಾಗ ಕುಂತು ಮೊದಲ ಮುಗಿಲು ಬರೀತೇನಿ, ಆಮ್ಯಾಲ ಹುಲ್ಲು, ದೂರದ ತೊಗರಿ ಹೊಲ. ಕುದುರಿ ಕಡೀಕ, ಯಾಕಂದ್ರ ಅದು ಒಂದ್ಕಡಿ ನಿಂದ್ರಲ್ಲ. ಜನವಾಡದಾಗ ಸುಭಾನನ ಕೆಂಪು ಕುದುರಿ ಮೇಯುವಾಗ ದಿನಾ ಬೈತಿದ್ದೆ, "ಅದನ್ನ ಸುಮ್ನ ನಿಂದರಸೋ!" ಅವ ನಗ್ತಿದ್ದ, "ಮದಿವಿ ಬಾರಾತಿನಾಗ ಕುಣಿಯೋ ಕುದುರಿ ಅದರಿ ಅಕ್ಕಾರ, ಸುಮ್ನ ಹ್ಯಾಂಗ ನಿಂದರತದ?"

ಇವತ್ತು ಹೋದ್ರ, ಹೊಟ್ಟಿ ಉಬ್ಬಿ ಸತ್ತು ಬಿದ್ದಿತ್ತು. ನನ್ನ ಕಂಕಳಾಗ ಕ್ಯಾನ್ವಾಸ್. ಅದರಾಗ ಹಸರು ಹುಲ್ಲಿನ ನಡುವ ಕುದುರಿ ಆಕಾರದ ಬಿಳಿ ಜಾಗ. ಮುಚ್ಚಬೇಕಾಗಿತ್ತು, ಹೊಳೀಲಿಲ್ಲ. ಸುಭಾನ ಅದನ್ನ ನೋಡಿದ. ಗುಂಡಿ ತೋಡವರಿಗಿ "ಸ್ವಲ್ಪ ತಡೀರಿ" ಅಂದ. ಕುದುರಿ ತಲಿ ತೊಡಿ ಮ್ಯಾಲ ಇಟಗೊಂಡು, ಕಣ್ಣಿನ ಮ್ಯಾಲಿನ ನೊಣ ಹೊಡೀತಾ ಕುಂತ.

"ಈಗ ಅಲುಗಾಡಲ್ಲರಿ ಅಕ್ಕಾರ. ಈಗ ಬರೀರಿ."

ಬರದೆ. ಬಣ್ಣ ಒಂದೂ ತಪ್ಪಲಿಲ್ಲ. ಇಷ್ಟು ಸರಳ ಯಾವ ಕುದುರಿನೂ ನನಗ ಬಂದಿದ್ದಿಲ್ಲ. ಅದೇ ಮನಸಿಗಿ ಚುಚ್ಚತದ.